ನಿಮ್ಮ ಪಟ್ಟಿಯ ಏಳನೇ ನಾಯಕಿ ನನ್ನ ಅಮ್ಮ

ಅಧ್ಯಕ್ಷೀಯ ಅಭ್ಯರ್ಥಿಯ ಪ್ರಚಾರ ಕಚೇರಿಯಲ್ಲಿ ಹಿಸ್ಪಾನಿಕ್ ಮತದಾರರ ವಿಭಾಗವನ್ನು ನೋಡಿಕೊಳ್ಳುವ ನಿರ್ದೇಶಕರಿಗೆ,

ಮಾನ್ಯರೇ,

ಈ ಪತ್ರದ ಮೊದಲ ಮೂರು ಕರಡುಗಳಲ್ಲಿ ಒಂದು ಸಂಗತಿಯನ್ನು ನಾನು ಬಿಟ್ಟುಬಿಟ್ಟಿದ್ದೆ. ಅದಿಲ್ಲದೆ ಪತ್ರ ಬಹಳ ಚೆನ್ನಾಗಿತ್ತು. ತಪ್ಪೆಲ್ಲ ನಿಮ್ಮದಾಗಿ, ಕೋಪವೆಲ್ಲ ನನ್ನದಾಗಿ, ಓದುವವರಿಗೂ ಸುಖವಾಗಿತ್ತು. ನಾಲ್ಕನೆಯ ಕರಡಿನಲ್ಲಿ ಮನಸ್ಸು ಒಪ್ಪಲಿಲ್ಲ. ಹೇಳಿಯೇ ಬಿಡುತ್ತೇನೆ: ನಿಮ್ಮ ಹಾಳೆಯ ಮೇಲೆ ನನ್ನ ಅಮ್ಮನ ಹೆಸರು ಬರೆದವಳು ನಾನು. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವಳೂ ನಾನೇ.

ಇಷ್ಟಾಗಿಯೂ ದೂರು ನಿಮ್ಮ ಮೇಲೆಯೇ. ಸಾನ್ ಎವಾರಿಸ್ತೊ ಊರಿನ ಎದೆಲ್ಮಿರಾ ಕಾಂತೂ ಎಂಬ ಅರವತ್ತೆಂಟು ವರ್ಷದ ಹೆಂಗಸು ನಿಮ್ಮ ಅಭ್ಯರ್ಥಿಗೆ ಬೆಂಬಲ ಘೋಷಿಸಿಲ್ಲ. ಯಾರಿಗೂ ಘೋಷಿಸಿಲ್ಲ. ಆದರೂ ನೀವು ಈ ಕಣಿವೆಯ ಮನೆಮನೆಗೆ ಕಳಿಸಿದ ಬಣ್ಣದ ಕರಪತ್ರದಲ್ಲಿ ‘ನಮ್ಮೊಂದಿಗಿರುವ ನಲವತ್ತೊಂದು ಹಿಸ್ಪಾನಿಕ್ ನಾಯಕರು’ ಎಂಬ ಪಟ್ಟಿಯಲ್ಲಿ ಆಕೆ ಏಳನೆಯವಳು. ಹಿಸ್ಪಾನಿಕ್ ಎಂದರೆ ನಿಮ್ಮ ಲೆಕ್ಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ನಾವೆಲ್ಲ. ಆಕೆಗೆ ಮುಂಚೆ ಒಬ್ಬ ಮಾಜಿ ಮೇಯರ್ ಇದ್ದಾರೆ, ಆಕೆಯ ನಂತರ ಒಬ್ಬ ನಿವೃತ್ತ ಬಾಕ್ಸರ್ ಇದ್ದಾರೆ. ನಡುವೆ ನನ್ನ ಅಮ್ಮ, ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ತಟ್ಟೆ ಹಿಡಿದುಕೊಂಡು. ಅಮ್ಮನಿಗೆ ಇದು ಮೊದಲನೆಯ ಚುನಾವಣೆ. ನಿಮ್ಮ ಕರಪತ್ರ ಬಂದ ದಿನದಿಂದ ಆಕೆ ಮತ ಹಾಕಲು ಹೋಗುವುದಿಲ್ಲ ಎನ್ನುತ್ತಿದ್ದಾಳೆ. ಒಬ್ಬ ಮತದಾರಳನ್ನು ಗಳಿಸಲು ಹೋಗಿ ನೀವು ಒಬ್ಬ ಮತದಾರಳನ್ನು ಇಲ್ಲವಾಗಿಸಿದ್ದೀರಿ. ಪ್ರಚಾರದ ಲೆಕ್ಕದಲ್ಲಿ ಇದಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ.

ಇದು ಹೇಗಾಯಿತೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನೀವು ಎರಡು ಸಾವಿರ ಮೈಲಿ ದೂರದಲ್ಲಿದ್ದೀರಿ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಜನವರಿ ಆರರ ಸಂಜೆ, ಮೂರು ರಾಜರ ಹಬ್ಬದ ದಿನ, ನಿಮ್ಮವರು ನಮ್ಮೂರಿನ ಮುಚ್ಚಿದ ಚಪ್ಪಲಿ ಅಂಗಡಿಯಲ್ಲಿ ಕಚೇರಿ ತೆರೆದರು. ‘ಬನ್ನಿ, ಕಾಫಿ ಮತ್ತು ರೋಸ್ಕಾ ಇದೆ’ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದರು. ರೋಸ್ಕಾ ಅಂದರೆ ಆ ಹಬ್ಬದ ಬಳೆಯಾಕಾರದ ಸಿಹಿ ಬ್ರೆಡ್ಡು. ನಮ್ಮ ಜನ ರೋಸ್ಕಾ ಎಂದರೆ ಬರುತ್ತಾರೆಂದು ಯಾರೋ ನಿಮಗೆ ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ, ಬಂದೆವು. ಆದರೆ ರೋಸ್ಕಾದ ಒಳಗೆ ಏನಿರುತ್ತದೆ, ಅದು ಸಿಕ್ಕವರು ಏನು ಮಾಡಬೇಕು ಎಂಬುದನ್ನು ಹೇಳಿಕೊಟ್ಟಿರಲಿಲ್ಲ. ಬ್ರೆಡ್ಡಿನೊಳಗೆ ಬಾಲಯೇಸುವಿನ ಪುಟ್ಟ ಗೊಂಬೆ ಇಟ್ಟು ಬೇಯಿಸಿರುತ್ತಾರೆ. ಯಾರ ತುಂಡಿನಲ್ಲಿ ಗೊಂಬೆ ಬರುತ್ತದೋ ಅವರು ಫೆಬ್ರವರಿ ಎರಡರಂದು, ಕ್ಯಾಂಡಲೇರಿಯಾ ಹಬ್ಬಕ್ಕೆ, ಆ ಮೇಜಿನ ಸುತ್ತ ಕೂತಿದ್ದವರಿಗೆಲ್ಲ ತಮಾಲೆ, ಅಂದರೆ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ಕಡುಬು, ಮಾಡಿ ಬಡಿಸಬೇಕು. ಇದರಿಂದ ತಪ್ಪಿಸಿಕೊಳ್ಳಲು ಜನ ಗೊಂಬೆಯನ್ನು ದವಡೆಯಲ್ಲಿ ಅಡಗಿಸಿಕೊಳ್ಳುತ್ತಾರೆ, ಕರವಸ್ತ್ರಕ್ಕೆ ಸುತ್ತುತ್ತಾರೆ, ಪಕ್ಕದವರ ತಟ್ಟೆಗೆ ದಾಟಿಸುತ್ತಾರೆ. ನನ್ನ ಅಮ್ಮ ಅಂಥವಳಲ್ಲ. ಹಲ್ಲಿಗೆ ಏನೋ ತಗುಲಿದ್ದೇ ತಡ, ತೆಗೆದು, ಒರೆಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ನಿಮ್ಮ ಸ್ಥಳೀಯ ಸಂಯೋಜಕರು ಅಲ್ಲೇ ಇದ್ದರು. ಐವತ್ತು ದಾಟಿದ ಒಳ್ಳೆಯ ಮನುಷ್ಯ. ತಲೆಯ ಮೇಲೆ ಬೆಲೆಪಟ್ಟಿ ಆಗಷ್ಟೇ ಕಿತ್ತಂತಿದ್ದ ಹೊಸ ಹ್ಯಾಟು. ಜನ ಚಪ್ಪಾಳೆ ತಟ್ಟಿದ್ದನ್ನು ನೋಡಿ ಅಮ್ಮ ಏನೋ ಬಹುಮಾನ ಗೆದ್ದಳೆಂದುಕೊಂಡು ಅವರೂ ತಟ್ಟಿದರು.

“ಏನಾಯ್ತು? ಇವರು ಗೆದ್ರಾ?” ಎಂದು ನನ್ನನ್ನು ಕೇಳಿದರು.

“ಗೆದ್ದಿಲ್ಲ, ಸಿಕ್ಕಾಕೊಂಡ್ರು. ಇನ್ನು ಇವರು ನಿಮಗೆಲ್ಲ ತಮಾಲೆ ಮಾಡಿ ಹಾಕ್ಬೇಕು” ಎಂದೆ.

ಹಬ್ಬದ ರೂಢಿಯನ್ನು ವಿವರಿಸಿದೆ. ಅವರ ಮುಖ ಅರಳಿತು. ಸುಮಾರು ಒಂದು ನಿಮಿಷದಲ್ಲಿ ಒಂದು ಹಾಳೆ ಬಂತು. “ಹಾಗಿದ್ರೆ ನಿಮ್ಮ ತಾಯಿಯವರ ವಿವರ ಬರೆದುಕೊಡಿ. ಆವತ್ತು ಮೇಜು, ಕುರ್ಚಿ, ಒಲೆ ಎಲ್ಲಾ ನಮ್ಮ ಕಡೆಯಿಂದ” ಎಂದರು. ಹೆಸರು, ವಿಳಾಸ, ಫೋನು, ಏನು ತರುವಿರಿ, ಎಷ್ಟು, ಸಹಿ. ನಾನು ಬರೆದೆ. ತಮಾಲೆ, ಇಪ್ಪತ್ತು ಡಜನ್ ಎಂದೂ ಬರೆದೆ. “ಇಲ್ಲಿ ಹಾಕಮ್ಮ” ಎಂದೆ. ಅಮ್ಮ ಹಾಕಿದಳು. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಸಹಿ ಮಾಡಿದವರು ಅಭ್ಯರ್ಥಿಯ ಬೆಂಬಲಿಗರೆಂದೂ, ಅವರ ಹೆಸರು, ಭಾವಚಿತ್ರ ಮತ್ತು ‘ಅಭಿಪ್ರಾಯ’ವನ್ನು ಪ್ರಚಾರಕ್ಕೆ ಬಳಸಬಹುದೆಂದೂ ಇತ್ತು.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೇನೆಂದು ಹೇಳಿದರೆ ನಗುತ್ತೀರಿ. ಒಂದು ಪ್ರೌಢಶಾಲೆಯ ದಾಖಲಾತಿ ಕಚೇರಿಯಲ್ಲಿದ್ದೇನೆ. “ಓದಿ ಸಹಿ ಮಾಡಿ” ಎಂದು ದಿನಕ್ಕೆ ಮೂವತ್ತು ಸಲ ಹೇಳುತ್ತೇನೆ.

ಅಮ್ಮನ ಪರವಾಗಿ ಫಾರಂ ತುಂಬುವುದು ನನಗೆ ಒಂಬತ್ತನೇ ವಯಸ್ಸಿನಿಂದ ಬಂದ ಹುದ್ದೆ. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಬರೀ ಇಂಗ್ಲಿಷ್. ತರಗತಿಯಲ್ಲಿ ಮನೆಮಾತು ಬಾಯಿಗೆ ಬಂದರೆ ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕಿತ್ತು. ನಿಂತು ನಿಂತು ಇಂಗ್ಲಿಷ್ ಚೆನ್ನಾಗಿ ಬಂತು. ಆಮೇಲೆ ಕರೆಂಟಿನ ಅರ್ಜಿ, ಆಸ್ಪತ್ರೆಯ ಚೀಟಿ, ಬಾಡಿಗೆ ಕರಾರು, ಗ್ರೀನ್ ಕಾರ್ಡಿನ ಕಾಗದಪತ್ರ ಎಲ್ಲಕ್ಕೂ ನಾನೇ. ನನಗೆ ಜ್ವರ ಬಂದು ಶಾಲೆ ತಪ್ಪಿದಾಗ ‘ನನ್ನ ಮಗಳಿಗೆ ಜ್ವರವಿತ್ತು’ ಎಂದು ಬರೆಯುತ್ತಿದ್ದವಳೂ ನಾನು. ಜ್ವರವಿಲ್ಲದಾಗಲೂ ಬರೆದದ್ದುಂಟು. ಅಮ್ಮ ಯಾವತ್ತೂ ಇದರಲ್ಲೇನಿದೆ ಎಂದು ಕೇಳಿದವಳಲ್ಲ. ನಾನು ಬೆರಳಿಟ್ಟ ಕಡೆ ಸಹಿ ಹಾಕಿದವಳು. ಮೂವತ್ತೈದು ವರ್ಷ ಹೀಗೆ ನಡೆದಮೇಲೆ ಬೆರಳಿಗೆ ಒಂದು ಸೋಮಾರಿತನ ಬರುತ್ತದೆ. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನೀವು ಆ ಸೋಮಾರಿತನವನ್ನು ನಂಬಿಕೊಂಡು ಹಾಳೆ ಅಚ್ಚು ಹಾಕಿಸಿದಿರಲ್ಲ, ಅದನ್ನು ಯಾರು ಒಪ್ಪಿಕೊಳ್ಳಬೇಕು? ಏನು ತರುವಿರಿ, ಎಷ್ಟು ಎಂದು ಎರಡೂ ಭಾಷೆಯಲ್ಲಿ ದಪ್ಪಕ್ಷರದಲ್ಲಿ ಕೇಳಲು ಬಂದ ಕಚೇರಿಗೆ, ನಿಮ್ಮ ಹೆಸರು ಬಳಸಿಕೊಳ್ಳಬಹುದೇ ಎಂದು ಅಷ್ಟೇ ದಪ್ಪಕ್ಷರದಲ್ಲಿ ಕೇಳಲು ಯಾಕೆ ಬರಲಿಲ್ಲ?

ಇಪ್ಪತ್ತು ಡಜನ್ ತಮಾಲೆ ಒಬ್ಬರಿಂದಾಗುವ ಕೆಲಸವಲ್ಲ. ಅದಕ್ಕೆ ಸುಲೆಮಾ ಬಂದಳು. ಸುಲೆಮಾ ನನಗೆ ಜ್ಞಾನಸ್ನಾನದ ತಾಯಿ, ಅಂದರೆ ಅಮ್ಮನಿಗೆ ಕೊಮಾದ್ರೆ. ನಲವತ್ತೈದು ವರ್ಷದ ಗೆಳೆತನ. ಇಬ್ಬರೂ ಚಕೋತ ಪ್ಯಾಕಿಂಗ್ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತು ಹಣ್ಣು ವಿಂಗಡಿಸಿದವರು. ಸುಲೆಮಾ ಬಹಳ ಹಿಂದೆಯೇ ಈ ದೇಶದ ಪ್ರಜೆಯಾದಳು. ಈಗ ನಮ್ಮ ಬಡಾವಣೆಯಲ್ಲಿ ನಿಮ್ಮ ಎದುರಾಳಿ ಅಭ್ಯರ್ಥಿಯ ಮುಖ್ಯ ಕಾರ್ಯಕರ್ತೆ. ಒಂದೇ ಪಕ್ಷದ ಟಿಕೆಟ್ಟಿಗೆ ನಿಮ್ಮಿಬ್ಬರ ಜಗಳ ತಾನೇ? ಅದನ್ನು ಬಗೆಹರಿಸುವುದು ನಾವು ಮಾರ್ಚಿನಲ್ಲಿ ಹಾಕುವ ಮತ. ಅವಳ ಅಂಗಳದ ಪ್ರಚಾರದ ಬೋರ್ಡು ನಿಮ್ಮ ಸಂಯೋಜಕರ ಹ್ಯಾಟಿಗಿಂತ ದೊಡ್ಡದು. ಆದರೂ ಫೆಬ್ರವರಿ ಒಂದರ ಬೆಳಗ್ಗೆ ತನ್ನ ಮನೆಯ ದೊಡ್ಡ ಹಂಡೆ ಹೊತ್ತುಕೊಂಡು ಬಂದಳು. ಗೊಂಬೆ ಸಿಕ್ಕಿದ ಮೇಲೆ ಯಾವ ಪಕ್ಷ, ಯಾವ ಬಣ ಎಂದು ನಮ್ಮಲ್ಲಿ ನೋಡುವುದಿಲ್ಲ.

ಜೋಳದ ಹಿಟ್ಟಿಗೆ ಹಂದಿಕೊಬ್ಬು ಹಾಕಿ ನಾದುತ್ತಾ, ನೆನೆಸಿದ ಜೋಳದ ಸಿಪ್ಪೆಗೆ ಸವರುತ್ತಾ ಇಬ್ಬರೂ ಆಡಿದ್ದನ್ನು ನಿಮಗೆ ಕೇಳಿಸಬೇಕಿತ್ತು.

“ಆ ಗೊಂಬೇನ ದವಡೇಲಿಟ್ಕೊಂಡು ಸುಮ್ನೆ ಮನೆಗೆ ಬರೋಕಾಗ್ಲಿಲ್ವೇನೇ ಕೊಮಾದ್ರೆ? ನಮ್ಮ ಯಜಮಾನ್ರು ಇಪ್ಪತ್ತು ವರ್ಷ ಹಂಗೇ ಕಾಲ ಹಾಕಿದ್ರು. ಒಂದ್ಸಲ ನುಂಗೇಬಿಟ್ರು.”

“ಬಾಲಯೇಸುನ ನುಂಗೋಕಾಗುತ್ತೇನೇ?”

“ಪ್ಲಾಸ್ಟಿಕ್ ಕಣೇ ಅದು. ಎರಡು ದಿನಕ್ಕೆ ಬಂತು.”

“ಥೂ, ಹಿಟ್ಟು ಮುಟ್ತಿದ್ದೀನಿ, ಸುಮ್ನಿರು.”

“ನನ್ನ ಕೈಯಲ್ಲಿ ಶತ್ರುಗಳಿಗೆ ತಮಾಲೆ ಮಾಡಿಸ್ತಿದ್ದೀಯಲ್ಲ, ಖಾರ ಜಾಸ್ತಿ ಹಾಕಲಾ?”

“ಹಾಕು. ಆ ಹ್ಯಾಟಿನವನು ಪಾಪ, ನೀರು ಕುಡೀಲಿ.” ಅಮ್ಮ ನಕ್ಕಳು. ಇನ್ನೊಂದು ಸಿಪ್ಪೆ ಎತ್ತಿಕೊಂಡು ಸುಲೆಮಾ ಕೇಳಿದಳು: “ಹೋಗ್ಲಿ, ಯಾರಿಗೆ ಹಾಕ್ತೀಯ ನೀನು?”

“ಇನ್ನೂ ನೋಡ್ತಿದ್ದೀನಿ.”

ಸುಲೆಮಾ ಎರಡನೆಯ ಸಲ ಕೇಳಲಿಲ್ಲ.

ಅಮ್ಮ ನಿಜವಾಗಿಯೂ ನೋಡುತ್ತಿದ್ದಳು. ಅವಳಿಗೊಂದು ವಿಧಾನವಿದೆ. ಟಿವಿಯಲ್ಲಿ ಅಭ್ಯರ್ಥಿಗಳ ಚರ್ಚೆ ಬಂದರೆ ಧ್ವನಿ ಪೂರ್ತಿ ಕಡಿಮೆ ಮಾಡಿಬಿಡುತ್ತಾಳೆ. “ಮಾತಾಡೋವಾಗ ಎಲ್ಲರೂ ಒಳ್ಳೆಯವರೇ. ಬೇರೆಯವರು ಮಾತಾಡೋವಾಗ ಯಾರು ಹೆಂಗಿರ್ತಾರೆ ಅಂತ ನೋಡ್ಬೇಕು” ಎನ್ನುತ್ತಾಳೆ. ಒಬ್ಬರು ಗಡಿಯಾರ ನೋಡಿದ್ದು, ಒಬ್ಬರು ಎದುರಿಗಿದ್ದವರ ಲೋಟಕ್ಕೆ ನೀರು ತುಂಬಿದ್ದು, ಒಬ್ಬರು ಹಲ್ಲು ಕಚ್ಚಿದ್ದು, ಎಲ್ಲ ಅವಳಿಗೆ ನೆನಪಿರುತ್ತದೆ. ಮೂವತ್ತೊಂದು ವರ್ಷ ಉರುಳಿಬರುವ ಚಕೋತಗಳಲ್ಲಿ ಒಳಗೆ ಕೊಳೆತದ್ದು ಯಾವುದೆಂದು ಹೊರಗಿನ ಬಣ್ಣ ನೋಡಿಯೇ ಆರಿಸಿದವಳು. ಅವಳಿಗೆ ಸಮಯ ಬೇಕಿತ್ತು, ಅಷ್ಟೇ.

ಮತ ಹಾಕುವ ಹಕ್ಕು ಅವಳಿಗೆ ಬಂದದ್ದು ಹೋದ ಆಗಸ್ಟಿನಲ್ಲಿ. ಮೂವತ್ತು ವರ್ಷಕ್ಕೂ ಮೇಲೆ ಗ್ರೀನ್ ಕಾರ್ಡಿನಲ್ಲೇ ಉಳಿದಿದ್ದಳು, ಪೌರತ್ವಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯ ಹೆದರಿಕೆಯಿಂದ. ವಯಸ್ಸಾದವರು ತಮ್ಮ ಮಾತಿನಲ್ಲೇ ಉತ್ತರಿಸಬಹುದೆಂದು ಯಾರೋ ಹೇಳಿದ ಮೇಲೆ ಪ್ರಶ್ನೆಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ಓದಿದಳು. ಪ್ರಮಾಣ ವಚನದ ದಿನ ಬಿಸಿಲಿಗೆ ಬೂಟು ಕಚ್ಚಿದರೂ ಬಿಚ್ಚಲಿಲ್ಲ. ಮತದಾರರ ಕಾರ್ಡು ಅಂಚೆಯಲ್ಲಿ ಬಂದಾಗ ಅದನ್ನು ಪ್ರಾರ್ಥನೆ ಪುಸ್ತಕದೊಳಗಿಟ್ಟಳು.

ಹಬ್ಬದ ದಿನ ನಿಮ್ಮ ಕಚೇರಿಯಲ್ಲಿ ಇಪ್ಪತ್ತು ಡಜನ್ ತಮಾಲೆ ನಲವತ್ತು ನಿಮಿಷದಲ್ಲಿ ಖಾಲಿಯಾದವು. ಫೋಟೋ ತೆಗೆದರು. ಅಮ್ಮ ನಕ್ಕಳು, ಯಾಕೆಂದರೆ ಫೋಟೋ ತೆಗೆಯುವಾಗ ನಗಬೇಕು. ಹಿಂದೆ ಗೋಡೆಯ ಮೇಲೆ ನಿಮ್ಮ ಅಭ್ಯರ್ಥಿಯ ಹೆಸರಿತ್ತು. ಮುಂದಿನ ಶನಿವಾರ ಊರಿನ ಎಲ್ಲರ ಅಂಚೆಡಬ್ಬಿಯಲ್ಲೂ ನನ್ನ ಅಮ್ಮ ನಗುತ್ತಿದ್ದಳು.

ಸುಲೆಮಾ ಬಂದಾಗ ನಾವಿನ್ನೂ ನಮ್ಮ ಡಬ್ಬಿ ತೆರೆದಿರಲಿಲ್ಲ. ಕರಪತ್ರವನ್ನು ಅಡುಗೆಮನೆ ಮೇಜಿನ ಮೇಲೆ ಹಾಸಿದಳು. ಕೂರಲಿಲ್ಲ.

“ಇದೇನು?”

ಅಮ್ಮ ಕನ್ನಡಕ ಹುಡುಕಿಕೊಂಡಳು. “ಅಯ್ಯೋ, ನಾನೇ. ತಮಾಲೆ ಚೆನ್ನಾಗಿ ಬಂದಿದೆ ಫೋಟೋದಲ್ಲಿ.”

“ತಮಾಲೆ ಅಲ್ಲ. ಕೆಳಗೆ. ಮಗಾ, ಓದಿ ಹೇಳು ನಿಮ್ಮಮ್ಮಂಗೆ.”

ನಾನು ಓದಿದೆ. ಫೋಟೋದ ಕೆಳಗೆ ಉದ್ಧರಣ ಚಿಹ್ನೆಯೊಳಗೆ ಹೀಗಿತ್ತು: ‘ನನ್ನ ಮೊಮ್ಮಕ್ಕಳ ಭವಿಷ್ಯಕ್ಕಾಗಿ ನಾನು ಇವರ ಜೊತೆಗಿದ್ದೇನೆ. ಎದೆಲ್ಮಿರಾ ಕಾಂತೂ, ಸಮುದಾಯ ನಾಯಕಿ.’

ಅಮ್ಮ ನನ್ನ ಮುಖ ನೋಡಿದಳು. “ಮೊಮ್ಮಕ್ಕಳಾ? ನೆರೆಯ್ದಾ, ನಂಗೆ ಹೇಳ್ದೆ ಏನಾದ್ರೂ...?”

ಮಾನ್ಯರೇ, ನಾನು ಆಕೆಯ ಒಬ್ಬಳೇ ಮಗಳು. ನನಗೆ ನಲವತ್ನಾಲ್ಕು. ಒಂದು ವಿಚ್ಛೇದನವಿದೆ, ಮಕ್ಕಳಿಲ್ಲ. ಈ ವಿಷಯ ನಮ್ಮ ಮನೆಯಲ್ಲಿ ಹತ್ತು ವರ್ಷದ ಹಿಂದೆ ಬಹಳ ಕಷ್ಟಪಟ್ಟು ಮುಚ್ಚಿದ್ದು. ಅದನ್ನು ಊರಿಗೆಲ್ಲ ಹಂಚಿದ ಕಾಗದದಲ್ಲಿ ಮತ್ತೆ ತೆರೆದುಕೊಟ್ಟದ್ದಕ್ಕೆ ನಿಮಗೆ ಬೇರೆಯಾಗಿ ಧನ್ಯವಾದ ಹೇಳಬೇಕು. ನಮ್ಮಲ್ಲಿ ಅರವತ್ತು ದಾಟಿದ ಹೆಂಗಸಿಗೆ ಮೊಮ್ಮಕ್ಕಳಿರಲೇಬೇಕೆಂದು ನಿಮಗೆ ಯಾವ ಸಮೀಕ್ಷೆ ಹೇಳಿತು?

“ನಾಯಕಿ ಅಂತೆ” ಎಂದಳು ಸುಲೆಮಾ.

“ನಾನ್ ಯಾರಿಗೇ ನಾಯಕಿ? ನಾನು ಕರೆದ್ರೆ ನಮ್ಮನೆ ನಾಯಿನೂ ಬರಲ್ಲ.”

“ಇಲ್ಲಿ ಬಂದಿದೆಯಲ್ಲ, ಬಣ್ಣಬಣ್ಣವಾಗಿ! ಯಾರಿಗೆ ಹಾಕ್ತೀಯ ಅಂದಿದ್ದಕ್ಕೆ ಇನ್ನೂ ನೋಡ್ತಿದ್ದೀನಿ ಅಂದೆ. ನಾನು ಮತ್ತೆ ಕೇಳಿದ್ನಾ? ಕೇಳ್ಲಿಲ್ಲ. ಮೊದಲನೇ ಓಟು, ಅವಳ ಪಾಡಿಗೆ ಅವಳು ಯೋಚ್ನೆ ಮಾಡ್ಲಿ ಅಂತ ಬಾಯಿ ಕಚ್ಕೊಂಡೆ. ನಂಗೆ ಬಾಯಿ ಕಚ್ಕೊಳೋದು ಎಷ್ಟು ಕಷ್ಟ ಅಂತ ನಿಂಗೊತ್ತು.”

“ಸುಲೆಮಾ, ದೇವರಾಣೆ, ಇದು ನಂಗೊತ್ತಿಲ್ಲ.”

“ಗೊತ್ತಿಲ್ದೇನೇ ಸಹಿ ಹಾಕಿದ್ಯಾ? ಹ್ಯಾಟಿನವನಿಗೆ ಫೋನ್ ಮಾಡ್ದಾಗ ಹೇಳ್ದ, ಸಹಿ ಇದೆ ಅಂತ. ಇನ್ನೊಂದು ನೋಡಿಲ್ಲಿ, ಈ ಮೂಲೇಲಿ. ಇದು ಯಾರ ಮೊಣಕೈ?”

ನಾವಿಬ್ಬರೂ ಬಗ್ಗಿ ನೋಡಿದೆವು. ಅಮ್ಮನ ಎಡಗಡೆ, ಫೋಟೋದ ಅಂಚಿನಲ್ಲಿ, ಹಸಿರು ಮತ್ತು ಕಿತ್ತಳೆ ಪಟ್ಟೆಯ ಉಣ್ಣೆ ಸ್ವೆಟರಿನೊಳಗೆ ಒಂದು ಮೊಣಕೈ. ಹಂಡೆ ಇಳಿಸಲು ಬಂದವಳನ್ನು ನಿಮ್ಮವರು ಕತ್ತರಿಸಿದ್ದರು, ಪೂರ್ತಿ ಕತ್ತರಿಸಿರಲಿಲ್ಲ.

“ಈ ಸ್ವೆಟರ್ ಇಡೀ ಊರಿಗೆ ಗೊತ್ತು. ಬೆಳಗ್ಗೆಯಿಂದ ನಮ್ಮ ಕಡೆಯವರು ನಾಲ್ಕು ಜನ ಫೋನ್ ಮಾಡಿದ್ರು. ಸುಲೆಮಾ, ನೀನೂನಾ ಅಂತ ಕೇಳಿದ್ರು. ಏನಂತ ಹೇಳ್ಲಿ? ನನ್ನ ಮೊಣಕೈ ಮಾತ್ರ ಆ ಕಡೆ ಹೋಗಿದೆ ಅಂತ ಹೇಳ್ಲಾ?”

ನನಗೆ ನಗು ಬಂತು. ನಗಬಾರದಿತ್ತು. ಸುಲೆಮಾ ನನ್ನನ್ನು ನೋಡಿದ ರೀತಿ ನೆನಪಿದೆ. ನನ್ನ ಹಣೆಗೆ ಪವಿತ್ರ ನೀರು ಬೀಳುವಾಗ ನನ್ನನ್ನು ಎತ್ತಿಕೊಂಡಿದ್ದವಳು ಅವಳು. ಆಗಲೇ ನಾನು ಹೇಳಿಬಿಡಬೇಕಿತ್ತು, ಆ ಹಾಳೆ ತುಂಬಿದ್ದು ನಾನು, ಅಮ್ಮನಿಗೆ ಏನೂ ತಿಳಿಯದು ಎಂದು. ಹೇಳಲಿಲ್ಲ. ಅವಳು ತನ್ನ ಹಂಡೆ ಎತ್ತಿಕೊಂಡು ಹೋದಳು. ನಲವತ್ತೈದು ವರ್ಷದಲ್ಲಿ ಆ ಹಂಡೆ ಎರಡೂ ಮನೆಯದಾಗಿತ್ತು. ಯಾರೂ ಅದನ್ನು ‘ತೆಗೆದುಕೊಂಡು ಹೋದದ್ದು’ ಇಲ್ಲ.

ಅಮ್ಮ ಆ ಸಂಜೆ ಪ್ರಾರ್ಥನೆ ಪುಸ್ತಕದಿಂದ ಮತದಾರರ ಕಾರ್ಡು ತೆಗೆದು, ಕೆಟ್ಟುಹೋದ ಮಿಕ್ಸಿಯ ಗ್ಯಾರಂಟಿ ಕಾಗದ ಇರುವ ಡ್ರಾಯರಿಗೆ ಹಾಕಿದಳು.

“ಯಾಕಮ್ಮ?”

“ನನ್ನ ಓಟು ಆಗ್ಲೇ ಪೇಪರಲ್ಲಿ ಬಂದಾಯ್ತಲ್ಲ. ನಾನ್ ಯಾಕ್ ಹೋಗ್ಲಿ?”

“ಅದು ಓಟಲ್ಲಮ್ಮ. ಬರೀ ಪಟ್ಟಿ.”

“ಅವರಿಗೆ ಹಾಕಿದ್ರೆ, ನೋಡಿ ಪೇಪರಲ್ಲಿ ಬಂದಂಗೇ ಮಾಡಿದ್ಲು ಅಂತಾರೆ. ಹಾಕ್ದೆ ಇದ್ರೆ ಅವರ ತಟ್ಟೆಗೆ ನಗಾಡ್ಕೊಂಡು ಬಡಿಸಿ ಮೋಸ ಮಾಡಿದಂಗಾಗುತ್ತೆ. ಹೆಂಗೆ ಹಾಕಿದ್ರೂ ಅದು ನನ್ನದಾಗಲ್ಲ ಕಣೇ.”

ಇದಕ್ಕೆ ಉತ್ತರ ನಿಮ್ಮ ಬಳಿ ಇರಬಹುದೆಂದು ಫೋನು ಮಾಡಿದೆ. ಸ್ಪ್ಯಾನಿಷಿಗಾಗಿ ಎರಡು ಒತ್ತಿ ಎಂದಿತು; ಒತ್ತಿದೆ. ನಿಮ್ಮ ಅಭ್ಯರ್ಥಿಯೇ ಬಂದರು, ಮುದ್ರಿತ ಧ್ವನಿಯಲ್ಲಿ. ನಮ್ಮ ಭಾಷೆಯಲ್ಲಿ ಒಂಬತ್ತು ಪದ ಹೇಳಿ, ‘ನಾವೆಲ್ಲ ಒಂದೇ ಕುಟುಂಬ’ ಎಂದು ಮುಗಿಸಿದರು. ಆಮೇಲೆ ಸಂಗೀತ. ಆಮೇಲೆ ಸಂಪರ್ಕ ಕಡಿಯಿತು. ಕುಟುಂಬದವರು ನನ್ನೊಡನೆ ಹಾಗೆ ನಡೆದುಕೊಂಡದ್ದು ಉಂಟು, ಆದರೆ ಅವರು ಸಂಗೀತ ಹಾಕುವುದಿಲ್ಲ.

ಇ-ಮೇಲ್ ಬರೆದೆ. ಬುಧವಾರ ಉತ್ತರ ಬಂತು. ಶ್ರೀಮತಿ ಕಾಂತೂ ಅವರ ಉತ್ಸಾಹಕ್ಕೆ ಧನ್ಯವಾದಗಳು. ಬೆಂಬಲ ಹಿಂಪಡೆಯಲು ಇದರೊಂದಿಗಿರುವ ನಮೂನೆಯನ್ನು ಭರ್ತಿ ಮಾಡಿ ಸಹಿಯೊಂದಿಗೆ ಕಳಿಸಿ. ಪರಿಶೀಲನೆಗೆ ಹದಿನೈದು ಕೆಲಸದ ದಿನ ಬೇಕಾಗಬಹುದು. ನಮೂನೆ ಇಂಗ್ಲಿಷಿನಲ್ಲಿ ಮಾತ್ರ. ಹದಿನೈದು ಕೆಲಸದ ದಿನ ಎಂದರೆ ಮಾರ್ಚ್ ಐದು. ಚುನಾವಣೆ ಮಾರ್ಚ್ ಮೂರು. ಇದನ್ನು ಬರೆದವರು ಕ್ಯಾಲೆಂಡರ್ ನೋಡದೆ ಬರೆದರೋ ನೋಡಿಯೇ ಬರೆದರೋ ಎಂದು ಬಹಳ ಯೋಚಿಸಿದೆ. ಎರಡರಲ್ಲಿ ಯಾವುದು ನಿಮಗೆ ಗೌರವ ತರುತ್ತದೆಂದು ನನಗಿನ್ನೂ ತೀರ್ಮಾನವಾಗಿಲ್ಲ.

ಆ ನಮೂನೆಯಲ್ಲಿ ‘ಬೆಂಬಲ ಹಿಂಪಡೆಯುತ್ತೇನೆ’ ಎಂದಿತ್ತು. ಕೊಡದೇ ಇದ್ದದ್ದನ್ನು ಹಿಂಪಡೆಯುವುದು ಹೇಗೆ? ಅದಕ್ಕೆ ಸಹಿ ಹಾಕಿದರೆ ಮೊದಲು ಕೊಟ್ಟಿದ್ದೆ ಎಂದು ಒಪ್ಪಿದಂತೆ. ಆದರೂ ಮುದ್ರಿಸಿಕೊಂಡು ಅಮ್ಮನ ಹತ್ತಿರ ಹೋದೆ. ಅಭ್ಯಾಸ. ಪೆನ್ನು ತೆರೆದೆ.

“ಏನದು?”

“ನಿನ್ನ ಹೆಸರು ತೆಗೆಸೋಕೆ ಫಾರಂ. ಇಲ್ಲಿ...”

“ಏನ್ ಬರ್ದಿದೆ ಅದ್ರಲ್ಲಿ? ಪೂರ್ತಿ ಹೇಳು.”

ಮೂವತ್ತೈದು ವರ್ಷದಲ್ಲಿ ಮೊದಲ ಸಲ ಕೇಳಿದಳು. ಪೂರ್ತಿ ಹೇಳಿದೆ. ಇದನ್ನು ಹೇಳುತ್ತಾ ಜನವರಿಯ ಹಾಳೆಯಲ್ಲಿ ಏನಿತ್ತೆಂಬುದನ್ನೂ, ಅದನ್ನು ನಾನು ಓದಿರಲಿಲ್ಲವೆಂಬುದನ್ನೂ ಹೇಳಿದೆ. ಅಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. “ನಿಂಗೂ ನನ್ನ ಥರಾನೇ ಓದೋಕೆ ಬರಲ್ಲ ಅಂತಾಯ್ತು” ಎಂದಳು. ಬೈದಿದ್ದರೆ ವಾಸಿಯಿತ್ತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ನಾನು ನಿಮ್ಮ ಅಭ್ಯರ್ಥಿಗೇ ಮತ ಹಾಕಬೇಕೆಂದಿದ್ದೆ. ಅಕ್ಟೋಬರಿನಿಂದಲೇ. ಅವರ ಭಾಷಣಗಳನ್ನು ಧ್ವನಿಯೊಂದಿಗೆ ಕೇಳಿದ್ದೇನೆ. ಆದ್ದರಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ಆ ಸಂಜೆ ಅದೇ ಹಾಳೆಯನ್ನು ಸುಲೆಮಾಳ ಅಭ್ಯರ್ಥಿಯ ಕಡೆಯವರು ಕೊಟ್ಟಿದ್ದರೆ, ಕೆಳಗಿನ ಸಣ್ಣಕ್ಷರವನ್ನು ನಾನು ಓದುತ್ತಿದ್ದೆನೇ? ಖಂಡಿತ ಓದುತ್ತಿದ್ದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಿದ್ದೆ. ನಮ್ಮವರು ಎಂದುಕೊಂಡ ಕಡೆ ಕಣ್ಣು ಸಡಿಲವಾಗುತ್ತದೆ. ಅಮ್ಮನ ಮತ ಹೇಗೂ ನಾನು ಹಾಕುವ ಕಡೆಗೇ ಬರುತ್ತದೆಂದು ಒಳಗೆಲ್ಲೋ ಅಂದುಕೊಂಡಿದ್ದೆನೇನೋ. ಹಾಗೆ ನೋಡಿದರೆ ನೀವು ನಮ್ಮ ಜನದ ಬಗ್ಗೆ ಮಾಡುವುದನ್ನೇ ನಾನು ನನ್ನ ಅಮ್ಮನಿಗೆ ಮಾಡಿದೆ. ನಿಮ್ಮ ಹುದ್ದೆಗೆ ನಾನೂ ಅರ್ಜಿ ಹಾಕಬಹುದು.

ನಿಮ್ಮ ಪಟ್ಟಿಯ ಬಗ್ಗೆ ಸ್ವಲ್ಪ ಹೇಳಲೇ? ಮಾಜಿ ಮೇಯರ್ ಇದ್ದಾರೆ ಎಂದೆ. ಅವರನ್ನು ಈ ಊರು ಎರಡು ಸಲ ಸೋಲಿಸಿದೆ. ಬಾಕ್ಸರ್ ಒಳ್ಳೆಯವರು, ಆದರೆ ಮೂವತ್ತು ವರ್ಷದಿಂದ ಬೇರೆ ರಾಜ್ಯದಲ್ಲಿದ್ದಾರೆ. ಒಬ್ಬ ಗಾಯಕಿಯಿದ್ದಾರೆ, ಅವರು ನಮ್ಮವರಲ್ಲ, ಅಮ್ಮ ಬಂದ ದೇಶ ಬೇರೆ, ಅವರು ಬಂದ ದೇಶ ಬೇರೆ. ಹೆಸರಿನ ಕೊನೆ ಒಂದೇ ಥರ ಕೇಳಿಸುತ್ತದೆ, ಅಷ್ಟೇ. ಇವರೆಲ್ಲ ಬೆರಳು ತೋರಿಸಿದರೆ ನಾವು ಹಿಂದೆ ಸಾಲಾಗಿ ನಡೆದು ಬರುತ್ತೇವೆಂದು ನಿಮಗೆ ಹೇಳಿದವರು ಯಾರು? ಒಂದೇ ಬೀದಿಯಲ್ಲಿ ನಮ್ಮ ಮನೆ ಒಬ್ಬರ ಕಡೆ, ಎದುರು ಮನೆ ಇನ್ನೊಬ್ಬರ ಕಡೆ, ಮೂರನೇ ಮನೆಯಲ್ಲಿ ಗಡಿ ಕಾವಲಿನ ಅಧಿಕಾರಿ. ಆತ ನಿಮ್ಮ ಪಕ್ಷಕ್ಕೇ ಹಾಕುವುದಿಲ್ಲ, ಆತನ ಹೆಂಡತಿ ನಿಮ್ಮ ಪಕ್ಷಕ್ಕೇ ಹಾಕುತ್ತಾಳೆ, ಊಟಕ್ಕೆ ಒಟ್ಟಿಗೇ ಕೂರುತ್ತಾರೆ. ನಿಮ್ಮ ಕಡತದಲ್ಲಿ ನಾವೆಲ್ಲ ಒಂದೇ ಕಾಲಂ.

ನಾಲ್ಕು ವರ್ಷಕ್ಕೊಮ್ಮೆ ಪತ್ರಿಕೆಗಳು ನಮ್ಮನ್ನು ಮಲಗಿರುವ ದೈತ್ಯ ಎನ್ನುತ್ತವೆ; ನಿಮ್ಮ ಕರಪತ್ರವೂ ಅದನ್ನೇ ಹೇಳುತ್ತದೆ, ದೈತ್ಯ ಏಳುತ್ತಿದ್ದಾನೆ ಎಂದು. ನನ್ನ ಅಮ್ಮ ಮೂವತ್ತೊಂದು ವರ್ಷ ಬೆಳಗಿನ ಜಾವ ನಾಲ್ಕಕ್ಕೆ ಎದ್ದಿದ್ದಾಳೆ. ಮಲಗಿದ್ದವರು ಯಾರು ಸ್ವಾಮೀ? ದೈತ್ಯ ಎಂದು ಕರೆದಾಗ ನಿಮಗೊಂದು ಅನುಕೂಲವಿದೆ. ದೈತ್ಯನಿಗೆ ಹೆಸರಿರುವುದಿಲ್ಲ, ಅಡುಗೆಮನೆ ಇರುವುದಿಲ್ಲ, ಮುನಿಸಿಕೊಂಡ ಕೊಮಾದ್ರೆ ಇರುವುದಿಲ್ಲ. ಅವನನ್ನು ಎಬ್ಬಿಸಿದರೆ ಸಾಕು, ಕೇಳಬೇಕಾಗಿಲ್ಲ.

ಈ ಪತ್ರವನ್ನು ನಿನ್ನೆ ಅಮ್ಮನಿಗೆ ನಮ್ಮ ಭಾಷೆಯಲ್ಲಿ ಪೂರ್ತಿ ಓದಿ ಹೇಳಿದೆ. ಗೊಂಬೆ ನುಂಗಿದ ಮಾತು ತೆಗೆ ಎಂದಳು. ಆಮೇಲೆ ಇರಲಿ, ಆ ಮನುಷ್ಯ ಸತ್ತು ಎಂಟು ವರ್ಷವಾಯಿತು, ನಗಲಿ ಎಂದಳು. ಒಂದು ಮಾತು ಸೇರಿಸಲು ಹೇಳಿದಳು. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ: “ತಮಾಲೆ ಕೊಟ್ಟಿದ್ದಕ್ಕೆ ನಂಗೇನೂ ಬೇಜಾರಿಲ್ಲ ಅಂತ ಬರಿ. ಗೊಂಬೆ ಬಂತು, ಕೊಟ್ಟೆ. ತಿಂದವರಿಗೆ ಒಳ್ಳೇದಾಗ್ಲಿ. ಹೆಸರು ಮಾತ್ರ ನಾನು ಯಾರಿಗೂ ಕೊಟ್ಟಿರ್ಲಿಲ್ಲ.”

ಸುಲೆಮಾಳ ಮನೆಗೂ ಹೋಗಿದ್ದೆ, ಇಂದು, ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ. ಹಾಳೆ ತುಂಬಿದ್ದು ನಾನೆಂದು ಬಾಗಿಲಲ್ಲೇ ನಿಂತು ಹೇಳಿದೆ. ಒಳಗೆ ಕರೆಯಲಿಲ್ಲ. “ಪೇಪರಲ್ಲಿ ಬಂದಿದ್ದು ಪೇಪರಲ್ಲೇ ಹೋಗ್ಬೇಕು ಮಗಾ. ನೀನು ನನ್ನ ಕಿವಿಗೆ ಹೇಳಿದ್ರೆ ಊರಿಗೆ ಕೇಳುತ್ತಾ?” ಎಂದಳು. ಅವಳ ಮಾತು ಸರಿ ಎನಿಸಿತು. ಆದ್ದರಿಂದ ಈ ಪತ್ರ ನಿಮಗಷ್ಟೇ ಅಲ್ಲ, ನಮ್ಮೂರಿನ ವಾರಪತ್ರಿಕೆಗೂ ಹೋಗುತ್ತಿದೆ.

ಬೇಡಿಕೆ ದೊಡ್ಡದಲ್ಲ. ಎದೆಲ್ಮಿರಾ ಕಾಂ‌ತೂ ನಿಮ್ಮ ಅಭ್ಯರ್ಥಿಗೆ ಬೆಂಬಲ ನೀಡಿರಲಿಲ್ಲ, ಆ ಮಾತು ಆಕೆ ಆಡಿದ್ದಲ್ಲ, ಆಕೆಯನ್ನು ಕೇಳದೆ ಅಚ್ಚು ಹಾಕಿದೆವು ಎಂದು, ಅದೇ ಅಳತೆಯ ಕಾಗದದಲ್ಲಿ, ಅದೇ ದಪ್ಪಕ್ಷರದಲ್ಲಿ, ಮೊದಲು ಸ್ಪ್ಯಾನಿಷಿನಲ್ಲಿ ಆಮೇಲೆ ಇಂಗ್ಲಿಷಿನಲ್ಲಿ ಮುದ್ರಿಸಿ, ಕಳೆದ ಸಲ ತಲುಪಿದ ಪ್ರತಿಯೊಂದು ಅಂಚೆಡಬ್ಬಿಗೂ ತಲುಪಿಸಿ. ಮೊಣಕೈಗೂ ಒಂದು ಸಾಲು ಇರಲಿ. ಮುಂಗಡ ಮತದಾನ ಇದೇ ಮಂಗಳವಾರ ಆರಂಭವಾಗಿ ಫೆಬ್ರವರಿ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ, ಅದರೊಳಗೆ ಆಗಬೇಕು. ಹಿಂಪಡೆಯುವ ನಮೂನೆಯನ್ನು ನಾವು ತುಂಬುವುದಿಲ್ಲ. ಉಳಿದ ನಲವತ್ತು ನಾಯಕರಿಗೂ ಒಂದೊಂದು ಫೋನು ಮಾಡಿ, ತಾವು ನಾಯಕರಾಗಿರುವುದು ಅವರಿಗೆ ಗೊತ್ತಿದೆಯೇ ಎಂದು ಕೇಳಿದರೆ ನಿಮಗೇ ಒಳ್ಳೆಯದು.

ನೀವು ಇದನ್ನು ಮಾಡಿದರೆ ಅಮ್ಮ ಡ್ರಾಯರಿನಿಂದ ಕಾರ್ಡು ತೆಗೆಯುತ್ತಾಳೆ. ಮಾಡದಿದ್ದರೆ ತೆಗೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಮತ್ತು ಈ ಸಲ ನಾನು ಊಹಿಸುವುದೂ ಇಲ್ಲ. ತೆಗೆದರೂ ಯಾರಿಗೆ ಹಾಕುತ್ತಾಳೆಂದು ಕೇಳುವುದಿಲ್ಲ. ಮತಗಟ್ಟೆಯಲ್ಲಿ ಸಹಾಯಕ್ಕೆ ಒಬ್ಬರನ್ನು ಕರೆದುಕೊಳ್ಳಬಹುದೆಂದು ಅವಳಿಗೆ ಹೇಳಿದೆ. “ನೀನು ಕಾರಲ್ಲೇ ಕೂತಿರು” ಎಂದಳು. ನನ್ನ ಮತದ ವಿಷಯ ನೀವು ಕೇಳಿಲ್ಲ, ಕೇಳಿದರೆ ಹೇಳುತ್ತೇನೆ: ಇನ್ನೂ ನೋಡುತ್ತಿದ್ದೇನೆ.

ನಾಳೆ ಸೋಮವಾರ ಅಧ್ಯಕ್ಷರ ದಿನವೆಂದು ಅಂಚೆ ಕಚೇರಿಗೆ ರಜೆ. ಹಿಂದಿನ ಅಧ್ಯಕ್ಷರ ದೆಸೆಯಿಂದ ಮುಂದಿನ ಅಧ್ಯಕ್ಷರಿಗೆ ಒಂದು ದಿನ ನೆಮ್ಮದಿ.

ಇಂತಿ,
ಎದೆಲ್ಮಿರಾ ಕಾಂತೂ ಅವರ ಮಗಳು
(ಅವರ ಹೆಸರನ್ನು ಈ ಸಲ ಅವರನ್ನು ಕೇಳಿಯೇ ಬರೆದಿದ್ದೇನೆ)

ಅಂಚೆಗೆ ಹಾಕುವ ದಿನ: ಮಂಗಳವಾರ, ಫೆಬ್ರವರಿ 18